ಎಲ್ಲದಕ್ಕೂ ಒಂದೇ ‘ಹಠಾತ್’ ಏಕೆ?

ಮಾನ್ಯ ಸಂಪಾದಕರೇ,

‘ಹಠಾತ್’ ಎಂಬ ಪದವನ್ನು ಪತ್ರಿಕೆಗಳು ದುಡಿಸಿಕೊಳ್ಳುತ್ತಿರುವ ಪರಿ ನೋಡಿದರೆ ಅದಕ್ಕೆ ವಾರಕ್ಕೊಂದು ರಜೆಯನ್ನಾದರೂ ಕೊಡಿಸಬೇಕು ಎನಿಸುತ್ತದೆ. ಮಂತ್ರಿಯ ರಾಜೀನಾಮೆ ಹಠಾತ್, ಷೇರುಪೇಟೆಯ ಕುಸಿತ ಹಠಾತ್, ನಟನ ನಿಧನ ಹಠಾತ್, ಅಧಿಕಾರಿ ಕಚೇರಿಗೆ ಬಂದದ್ದು ಹಠಾತ್, ಸುದ್ದಿಗೋಷ್ಠಿ ಮುಗಿದದ್ದೂ ಹಠಾತ್. ಈಚೆಗೆ ಸಿಡುಕಿನಿಂದ ಕೊಟ್ಟ ಉತ್ತರ ‘ಹಠಾತ್ ಉತ್ತರ’ವಾಗಿದೆ, ಒರಟು ಮನುಷ್ಯನದು ‘ಹಠಾತ್ ಸ್ವಭಾವ’ವಾಗಿದೆ. ಈ ಕೊನೆಯ ಎರಡಂತೂ ಕನ್ನಡವೇ ಅಲ್ಲ. ಇಂಗ್ಲಿಷಿನ ‘ಅಬ್ರಪ್ಟ್’ ಒಂದೇ ಉಸಿರಿನಲ್ಲಿ ಎರಡು ಸಂಗತಿ ಹೇಳುತ್ತದೆ: ಎಣಿಸದ ಹೊತ್ತಿನಲ್ಲಿ ಆದದ್ದು ಒಂದು, ನಯವಿಲ್ಲದೆ ಮೊಟಕಾಗಿ ಆಡಿದ್ದು ಇನ್ನೊಂದು. ಕನ್ನಡ ಇವೆರಡನ್ನು ಎಂದೂ ಒಂದೇ ಡಬ್ಬಿಯಲ್ಲಿ ಇಟ್ಟಿಲ್ಲ. ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಯನ್ನು ಗಡಿಬಿಡಿಯಲ್ಲಿ ತರ್ಜುಮೆ ಮಾಡುವಾಗಲೋ, ಯಂತ್ರಾನುವಾದವನ್ನು ತಿದ್ದದೆ ಬಿಟ್ಟಾಗಲೋ ಈ ಬೆರಕೆ ಒಳಗೆ ನುಸುಳುತ್ತದೆ. ಸುದ್ದಿಮನೆಗೆ ಉಪಯೋಗವಾದೀತೆಂದು ಈ ಪದಗಳ ಬಳಕೆಯ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಪದದ ಬೇರು. ಸಂಸ್ಕೃತದಲ್ಲಿ ‘ಹಠ’ ಎಂದರೆ ಬಲಾತ್ಕಾರ. ಅದರ ಪಂಚಮೀ ವಿಭಕ್ತಿಯ ರೂಪ ‘ಹಠಾತ್’. ಬಲದಿಂದ, ಬಲವಂತವಾಗಿ ಎಂಬುದು ಮೂಲದ ಅರ್ಥ. ಬಲವಂತಕ್ಕೆ ಸಿಕ್ಕವನು ಅದಕ್ಕೆ ಸಿದ್ಧನಾಗಿರುವುದಿಲ್ಲ. ಹೀಗೆ ‘ಎಣಿಸದ ಹೊತ್ತಿನಲ್ಲಿ’ ಎಂಬ ಅರ್ಥ ಬಂದು ಕೂತಿತು, ಬಲವಂತ ಹಿಂದೆ ಸರಿಯಿತು. ‘ಅಕಸ್ಮಾತ್’ ಕೂಡ ಪಂಚಮಿಯೇ. ‘ಕಸ್ಮಾತ್’ ಎಂದರೆ ಯಾವ ಕಾರಣದಿಂದ. ಅದರ ಮೊದಲಿಗೆ ‘ಅ’ ಸೇರಿದರೆ ಯಾವ ಕಾರಣವೂ ಇಲ್ಲದೆ. ಒಂದರಲ್ಲಿ ಸಿದ್ಧತೆಗೆ ಎಡೆಯಿಲ್ಲ, ಇನ್ನೊಂದರಲ್ಲಿ ಕಾರಣವೇ ಇಲ್ಲ. ಇಷ್ಟು ನೆನಪಿದ್ದರೆ ಅರ್ಧ ಗೊಂದಲ ತೀರಿತು.

ಉಳಿದರ್ಧಕ್ಕೆ ಒಂದು ಸುಲಭದ ಉಪಾಯವಿದೆ. ಯಾವ ಪದ ಹಾಕಬೇಕೆಂದು ತೋಚದಿದ್ದರೆ ಆ ವಾಕ್ಯದಲ್ಲಿ ಅದರ ಎದುರುಪದ ಯಾವುದು ಎಂದು ಕೇಳಿಕೊಳ್ಳಬೇಕು. ‘ಅಬ್ರಪ್ಟ್’ ಇದ್ದ ಕಡೆಯಲ್ಲೆಲ್ಲ ಎದುರುಪದ ಒಂದೇ ಇರುವುದಿಲ್ಲ. ಒಮ್ಮೆ ಅದು ‘ನಿರೀಕ್ಷಿತ’, ಒಮ್ಮೆ ‘ಕ್ರಮೇಣ’, ಒಮ್ಮೆ ‘ಮುಂಚೆ ತಿಳಿಸಿ’, ಒಮ್ಮೆ ‘ಬೇಕೆಂದೇ’, ಒಮ್ಮೆ ‘ತಡವರಿಸಿ’, ಮತ್ತೊಮ್ಮೆ ‘ನಯವಾಗಿ’. ‘ನಿರೀಕ್ಷಿತ’ ಎದುರಿಗೆ ನಿಂತಾಗ ಮಾತ್ರ ‘ಹಠಾತ್’ ತನ್ನ ಜಾಗದಲ್ಲಿದೆ ಎನ್ನಬಹುದು. ಉಳಿದ ಕಡೆ ಬೇರೆ ಪದ ಕಾಯುತ್ತಿರುತ್ತದೆ.

ಔಷಧದ ಜೊತೆ ಬರುವ ಸೂಚನೆಯನ್ನೇ ತೆಗೆದುಕೊಳ್ಳಿ. ‘ಈ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬೇಡಿ’ ಎಂದು ಆರೋಗ್ಯ ಪುಟಗಳಲ್ಲಿ ಬರೆಯುತ್ತಾರೆ. ಹಲವು ವಾರ ಸ್ಟೀರಾಯ್ಡ್ ಮಾತ್ರೆ ನುಂಗಿದವರ ದೇಹದಲ್ಲಿ ಅಡ್ರಿನಲ್ ಗ್ರಂಥಿ ತಾನೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನಿನ ಉತ್ಪಾದನೆಯನ್ನು ತಗ್ಗಿಸಿಕೊಂಡಿರುತ್ತದೆ. ಮಾತ್ರೆ ನಿಂತ ಮಾರನೆಯ ದಿನವೇ ಅದು ಮೊದಲಿನ ಹಾಗೆ ದುಡಿಯಲಾರದು. ಮೂರ್ಛೆರೋಗದ ಮಾತ್ರೆ ನಿಲ್ಲಿಸಿದರೆ ಸೆಳವು ಮರಳಬಹುದು. ಇಲ್ಲಿ ರೋಗಿಗೆ ತಿಳಿಯಬೇಕಾದದ್ದು ‘ನಿರೀಕ್ಷೆ ಇಲ್ಲದೆ ನಿಲ್ಲಿಸಬೇಡಿ’ ಎಂದಲ್ಲ. ಬರುವ ಸೋಮವಾರದಿಂದ ನಿಲ್ಲಿಸುತ್ತೇನೆ ಎಂದು ಮೊದಲೇ ತೀರ್ಮಾನಿಸಿ ಸೋಮವಾರ ನಿಲ್ಲಿಸಿದವನು ತನ್ನ ಲೆಕ್ಕದಲ್ಲಿ ಹಠಾತ್ತನೆ ನಿಲ್ಲಿಸಿಲ್ಲ. ಅಪಾಯವಂತೂ ಅಷ್ಟೇ ಇದೆ. ಎದುರುಪದ ‘ಕ್ರಮೇಣ’. ಹಾಗಾಗಿ ಬರೆಯಬೇಕಾದದ್ದು ‘ಒಂದೇ ಸಲಕ್ಕೆ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಪ್ರಮಾಣ ಇಳಿಸುತ್ತ ಬನ್ನಿ’. ನಾಲ್ಕು ಪದ ಹೆಚ್ಚಾದರೂ ಚಿಂತೆಯಿಲ್ಲ, ಇಲ್ಲಿ ಜಾಗ ಉಳಿಸುವುದು ಬೇಡ.

ವಾಣಿಜ್ಯ ಪುಟದಲ್ಲೂ ಇದೇ ಎಡವಟ್ಟು. ಆರು ತಿಂಗಳಲ್ಲಿ ಏರುತ್ತ ಬಂದ ಬೆಲೆಗೆ ‘ಹಠಾತ್ ಏರಿಕೆ’ ಎಂದರೆ ಓದುಗ ನಿನ್ನೆ ರಾತ್ರಿ ಏರಿತೆಂದು ತಿಳಿಯುತ್ತಾನೆ. ಅದು ‘ತೀವ್ರ ಏರಿಕೆ’; ವೇಗ ಬೇರೆ, ಅನಿರೀಕ್ಷಿತತೆ ಬೇರೆ. ಭೂಗೋಳದ ಪಾಠಗಳಲ್ಲಿ ‘ಹಠಾತ್ ಇಳಿಜಾರು’ ಎಂಬುದೊಂದು ಕಾಣಿಸಿಕೊಳ್ಳುತ್ತದೆ. ಇಳಿಜಾರು ಲಕ್ಷಾಂತರ ವರ್ಷದಿಂದ ಅಲ್ಲೇ ಇದೆ, ಅದು ಯಾರ ಮೇಲೂ ಹಠಾತ್ತಾಗಿ ಬಂದು ಬಿದ್ದಿಲ್ಲ. ಕನ್ನಡದಲ್ಲಿ ಅದಕ್ಕೆ ‘ಕಡಿದಾದ’ ಎಂಬ ಒಳ್ಳೆಯ ಪದವಿದೆ, ಕೇಳಿದರೆ ‘ಕಡಿ’ ಎಂಬ ಕ್ರಿಯೆ ನೆನಪಾಗುತ್ತದೆ. ಕಡಿಯುವ, ಮುರಿಯುವ ಈ ಚಿತ್ರವನ್ನು ನೆನಪಿಟ್ಟುಕೊಳ್ಳಿ, ಮಾತಿನ ಬಿರುಸಿನ ಬಗ್ಗೆ ಹೇಳುವಾಗ ಮತ್ತೆ ಬರುತ್ತದೆ.

ಹಾಗಾದರೆ ‘ಹಠಾತ್’ ಬಿಟ್ಟರೆ ಬೇರೆ ಗತಿಯೇ ಇಲ್ಲ ಎನ್ನುವ ಜಾಗ ಯಾವುದು? ಕಾನೂನು. ಕೊಲೆಯ ವ್ಯಾಖ್ಯೆಗೆ ಭಾರತೀಯ ದಂಡ ಸಂಹಿತೆಯ 300ನೇ ಕಲಮಿನಲ್ಲಿದ್ದ, ಈಗ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿಗೆ ಬಂದಿರುವ ಮೊದಲ ವಿನಾಯಿತಿ ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ಯದು. ಅಲ್ಲಿ ಎರಡು ಗುಣವೂ ಬೇಕು. ಗಂಭೀರವಾಗಿದ್ದು ಹಠಾತ್ ಆಗಿರದಿದ್ದರೆ ವಿನಾಯಿತಿ ಸಿಗದು. ಹಠಾತ್ ಎಷ್ಟು ಹೊತ್ತಿನದು ಎಂಬುದಕ್ಕೆ, ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಕೊಟ್ಟ ತೀರ್ಪನ್ನು ಇಂದಿಗೂ ಉದಾಹರಿಸುತ್ತಾರೆ. ಹೆಂಡತಿಯಿಂದ ವಿಷಯ ತಿಳಿದು ಮನೆಯಿಂದ ಹೊರಟದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು 3 ಗಂಟೆ ಕಳೆದಿತ್ತು. ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಅಷ್ಟು ಹೊತ್ತು ಸಾಕು ಎಂದಿತು ನ್ಯಾಯಾಲಯ. ಇಂಥ ಕಡೆ ಅಂದಕ್ಕಾಗಿ ‘ದಿಢೀರ್ ಪ್ರಚೋದನೆ’ ಎಂದೋ ‘ಆಕಸ್ಮಿಕ ಪ್ರಚೋದನೆ’ ಎಂದೋ ಬದಲಿಸಿದರೆ ಅರ್ಥವೇ ಕೆಡುತ್ತದೆ. ವೈದ್ಯರ ‘ಹಠಾತ್ ಹೃದಯಸ್ತಂಭನ’, ಹವಾಮಾನದವರ ‘ಹಠಾತ್ ಪ್ರವಾಹ’ ಕೂಡ ಹೀಗೆ ನಿಂತ ಪದಗಳು, ಅವನ್ನು ಮುಟ್ಟಬಾರದು.

ಸಾವಿನ ಸುದ್ದಿಯಲ್ಲಿ ಇನ್ನೂ ಎಚ್ಚರ ಬೇಕು. ಹಠಾತ್ ನಿಧನ, ಆಕಸ್ಮಿಕ ಸಾವು, ಅಕಾಲಿಕ ನಿಧನ, ಅಸಹಜ ಸಾವು ಇವು ನಾಲ್ಕೂ ಬೇರೆ ಬೇರೆ. ನಿನ್ನೆವರೆಗೆ ಓಡಾಡಿಕೊಂಡಿದ್ದವರು ಇಂದು ಇಲ್ಲವಾದರೆ ಹಠಾತ್ ನಿಧನ, ವಯಸ್ಸು ಎಂಬತ್ತಾದರೂ ಸರಿ. ಬಾಳಬೇಕಾದ ವಯಸ್ಸಿನಲ್ಲಿ ಹೋದರೆ ಅಕಾಲಿಕ. ಅದು ಎರಡು ವರ್ಷದ ಕಾಯಿಲೆಯ ನಂತರವೂ ಇರಬಹುದು, ಆಗ ಹಠಾತ್ ಅಲ್ಲ. ಕಾಲು ಜಾರಿ ಬಾವಿಗೆ ಬಿದ್ದರೆ ಆಕಸ್ಮಿಕ, ಎದುರುಪದ ‘ಬೇಕೆಂದೇ’. ಅಸಹಜ ಸಾವು ಪೊಲೀಸರ ಪದ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ನಡೆಯುವ ವಿಚಾರಣೆಗೆ ಸಂಬಂಧಿಸಿದ್ದು. ತನಿಖೆ ಮುಗಿಯುವ ಮುನ್ನವೇ ವರದಿಗಾರ ‘ಆಕಸ್ಮಿಕ ಸಾವು’ ಎಂದು ಬರೆದರೆ, ತನಗೆ ಅರಿವಿಲ್ಲದೆಯೇ ತೀರ್ಪು ಕೊಟ್ಟಂತೆ. ‘ಆಕಸ್ಮಿಕ ಬೆಂಕಿ’ಗೂ ಇದೇ ಮಾತು. ಬೆಂಕಿ ಹಠಾತ್ತನೆ ಹೊತ್ತಿಕೊಂಡದ್ದು ಕಣ್ಣಿಗೆ ಕಾಣುವ ಸಂಗತಿ, ಆಕಸ್ಮಿಕವೋ ಅಲ್ಲವೋ ಎಂಬುದು ಆಮೇಲೆ ತಿಳಿಯುವ ಸಂಗತಿ.

‘ದಿಢೀರ್’ ಮತ್ತು ‘ಏಕಾಏಕಿ’ ಎರಡೂ ‘ಮುಂಚೆ ತಿಳಿಸಿ’ ಎಂಬುದಕ್ಕೆ ಎದುರು ನಿಲ್ಲುವ ಪದಗಳು. ‘ಅಧಿಕಾರಿಗಳ ದಿಢೀರ್ ಭೇಟಿ’ ಎಂದರೆ ಅಧಿಕಾರಿಗೆ ಅದು ಯೋಜಿತವೇ. ಅಲ್ಲಿದ್ದವರಿಗೆ ಮಾತ್ರ ಗೊತ್ತಿರಲಿಲ್ಲ. ‘ದಿಢೀರ್’ಗೆ ಇನ್ನೊಂದು ಅರ್ಥ ಹತ್ತಿಕೊಂಡಿದೆ, ಕೂಡಲೇ ಸಿದ್ಧವಾಗುವಂಥದು. ‘ದಿಢೀರ್ ಸಾಲ’ ಎಂದರೆ ಯಾರೂ ಎಣಿಸದೆ ಬಂದ ಸಾಲವಲ್ಲ, ಅರ್ಜಿ ಹಾಕಿದೊಡನೆ ಸಿಗುವ ಸಾಲ. ಅದಕ್ಕೇ ‘ದಿಢೀರ್ ಪರಿಹಾರ’ ಎಂಬ ತಲೆಬರಹ ಓದಿದವನಿಗೆ ಪರಿಹಾರ ಬೇಗ ಬಂತೋ, ಕೇಳದೇ ಬಂತೋ ತಿಳಿಯುವುದಿಲ್ಲ.

‘ಏಕಾಏಕಿ’ ಮರಾಠಿಯಲ್ಲೂ ಇರುವ ಪದ. ಕನ್ನಡದಲ್ಲಿ ಅದಕ್ಕೆ ದೂರಿನ ಬಣ್ಣ ಬಂದಿದೆ: ಹೇಳದೆ ಕೇಳದೆ, ಯಾರನ್ನೂ ಲೆಕ್ಕಿಸದೆ. ‘ಸರ್ಕಾರ ಏಕಾಏಕಿ ಆದೇಶ ಹೊರಡಿಸಿದೆ’ ಎಂಬುದು ಪ್ರತಿಭಟನಕಾರರ ಬಾಯಲ್ಲಿ ಸರಿ, ವರದಿಗಾರನ ಸ್ವಂತ ವಾಕ್ಯದಲ್ಲಿ ಅದು ಪಕ್ಷ ವಹಿಸಿದ ಮಾತು. ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅಡ್ಡಿಯಿಲ್ಲ. ಇದನ್ನು ‘ಏಕಪಕ್ಷೀಯ’ದ ಜಾಗದಲ್ಲಿ ಬಳಸುವುದೂ ತಪ್ಪು. ಆರು ತಿಂಗಳು ಯೋಚಿಸಿ ಒಬ್ಬರೇ ತೆಗೆದುಕೊಂಡ ತೀರ್ಮಾನ ಏಕಪಕ್ಷೀಯ ಹೌದು, ಏಕಾಏಕಿ ಅಲ್ಲ.

‘ಒಮ್ಮೆಲೆ’ಯಲ್ಲಿ ಒಂದು ಕುಳಿ ಇದೆ. ಅದಕ್ಕೆ ‘ಒಟ್ಟಿಗೇ’ ಎಂಬ ಅರ್ಥವೂ ಉಂಟು. ‘ಮೂವರು ಸದಸ್ಯರು ಒಮ್ಮೆಲೆ ರಾಜೀನಾಮೆ ನೀಡಿದರು’ ಎಂದರೆ ಮೂವರೂ ಒಟ್ಟಾಗಿ ಕೊಟ್ಟರೋ, ಯಾರೂ ಎಣಿಸದೆ ಇದ್ದಾಗ ಕೊಟ್ಟರೋ? ಬಹುವಚನದ ಕರ್ತೃ ಇದ್ದಾಗ ‘ಒಮ್ಮೆಲೆ’ಯನ್ನು ಒಟ್ಟಿಗೆ ಎಂಬ ಅರ್ಥಕ್ಕೇ ಬಿಟ್ಟುಕೊಟ್ಟು, ಇನ್ನೊಂದಕ್ಕೆ ‘ಇದ್ದಕ್ಕಿದ್ದಂತೆ’ ಬಳಸಿದರೆ ಗೊಂದಲವಿರದು. ‘ಇದ್ದಕ್ಕಿದ್ದಂತೆ’ ಬಹಳ ಸೊಗಸಾದ ಕನ್ನಡ. ಇದ್ದದ್ದು ಇದ್ದ ಹಾಗೇ ಇರುವಾಗ ಎಂಬ ಸೂಚನೆ ಅದರ ಒಡಲಲ್ಲೇ ಇದೆ. ಹಾಗಾಗಿ ಹಿಂದೆ ಒಂದು ಸ್ಥಿತಿ ನಡೆಯುತ್ತಿರಬೇಕು: ಬಿಸಿಲು ಕಾಯುತ್ತಿತ್ತು, ಇದ್ದಕ್ಕಿದ್ದಂತೆ ಮೋಡ ಕವಿಯಿತು. ಕತೆಯ ಮೊದಲ ಪದವಾಗಿಯೇ ಅದನ್ನು ತಂದರೆ ನೆಲವಿಲ್ಲದೆ ನಿಂತ ಹಾಗಾಗುತ್ತದೆ.

ಇನ್ನು ಕನ್ನಡದ ನಿಜವಾದ ಸಿರಿಗೆ ಬರೋಣ. ಶಾಲಾ ವ್ಯಾಕರಣದಲ್ಲಿ ಅವ್ಯಯಗಳ ಪಾಠ ಓದಿದವರಿಗೆ ತಟ್ಟನೆ, ರೊಯ್ಯನೆ, ಸುಯ್ಯನೆ ನೆನಪಿರಬೇಕು. ಆ ಬಳಗದಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸಹೊರಟರೆ ಸಾಕಾಗುತ್ತದೆ. ಆದರೆ ಇವು ಒಂದರ ಬದಲು ಇನ್ನೊಂದನ್ನು ಹಾಕುವಂಥ ಪದಗಳಲ್ಲ. ಒಂದೊಂದಕ್ಕೂ ತನ್ನದೇ ಕ್ರಿಯಾಪದದ ಜೊತೆ. ನಿಲ್ಲುವುದಕ್ಕೆ ಗಕ್ಕನೆ, ನಿದ್ದೆಯಿಂದ ಏಳುವುದಕ್ಕೆ ದಿಗ್ಗನೆ, ಎದುರಾಗುವುದಕ್ಕೆ ಧುತ್ತನೆ, ತಿರುಗುವುದಕ್ಕೆ ಸರಕ್ಕನೆ, ನೆಗೆಯುವುದಕ್ಕೆ ಛಂಗನೆ, ಹಿಡಿಯುವುದಕ್ಕೆ ಗಬಕ್ಕನೆ, ಬಾರಿಸುವುದಕ್ಕೆ ರಪ್ಪನೆ, ಹೊತ್ತಿಕೊಳ್ಳುವುದಕ್ಕೆ ಭಗ್ಗನೆ, ಮುಳುಗುವುದಕ್ಕೆ ಬುಳಕ್ಕನೆ, ನೆನಪಾಗುವುದಕ್ಕೆ ತಟ್ಟನೆ. ‘ಬಸ್ಸು ದಿಗ್ಗನೆ ನಿಂತಿತು’ ಎಂದರೆ ಕನ್ನಡದ ಮಗು ಕೂಡ ನಗುತ್ತದೆ. ‘ಬಸ್ಸು ಹಠಾತ್ತನೆ ನಿಂತಿತು’ ತಪ್ಪಲ್ಲ. ಆದರೆ ‘ಗಕ್ಕನೆ ನಿಂತಿತು’ ಎಂದಾಗ ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸಿದ್ದೂ ಕಾಣುತ್ತದೆ.

ಈ ಪದಗಳ ಕಟ್ಟಡವನ್ನು ಹತ್ತಿರದಿಂದ ನೋಡಿದರೆ ಒಂದು ಅಚ್ಚುಕಟ್ಟು ಕಾಣುತ್ತದೆ. ಒತ್ತಕ್ಷರ ಬಂದರೆ ಒಂದೇ ಸಲ ಆದದ್ದು. ಬೇರನ್ನು ಎರಡು ಸಲ ಹೇಳಿದರೆ ಮತ್ತೆ ಮತ್ತೆ ಆದದ್ದು. ರಪ್ಪನೆ ಒಂದು ಏಟು, ರಪರಪ ಹಲವು. ಸರಕ್ಕನೆ ಒಂದು ಎಳೆತ, ಸರಸರ ಒಂದು ನಡಿಗೆ. ಗಬಕ್ಕನೆ ಒಂದು ತುತ್ತು, ಗಬಗಬ ಇಡೀ ತಟ್ಟೆ. ಭಗ್ಗನೆ ಹೊತ್ತಿದ್ದು ಆಮೇಲೆ ಭಗಭಗ ಉರಿಯುತ್ತದೆ. ಝಗ್ಗನೆ ಬೆಳಕು ಬಂದು ಝಗಝಗ ಎನ್ನುತ್ತದೆ. ‘ಪಟ್ಟನೆ ಉತ್ತರಿಸಿದ’ ಎಂದರೆ ಒಂದು ಪ್ರಶ್ನೆಗೆ ಒಂದು ಉತ್ತರ, ‘ಪಟಪಟ ಉತ್ತರಿಸಿದ’ ಎಂದರೆ ಹತ್ತು ಪ್ರಶ್ನೆಗೆ ಹತ್ತು ಉತ್ತರ. ಹಾಗಾಗಿ ‘ಪಟಪಟನೆ ಒಂದೇ ಮಾತು ಹೇಳಿದ’ ಎಂಬ ವಾಕ್ಯ ತನ್ನ ಕಾಲಿಗೆ ತಾನೇ ತೊಡರಿ ಬೀಳುತ್ತದೆ. ಇಲ್ಲೊಂದು ತಮಾಷೆ: ಗಕ್ಕನೆಗೆ ‘ಗಕಗಕ’ ಎಂಬ ಜೊತೆಯಿಲ್ಲ, ದಿಗ್ಗನೆಗೆ ‘ದಿಗದಿಗ’ ಇಲ್ಲ, ಧುತ್ತನೆಗೂ ಇಲ್ಲ. ನಿಂತವನು ಮತ್ತೆ ಮತ್ತೆ ನಿಲ್ಲಲಾರ, ಎದುರಾದದ್ದು ಮತ್ತೆ ಮತ್ತೆ ಎದುರಾಗದು. ವ್ಯಾಕರಣ ಬರೆಯದ ನಿಯಮವನ್ನು ಬಾಯಿ ಪಾಲಿಸಿಕೊಂಡು ಬಂದಿದೆ.

ಆದರೆ ‘ನೆ’ ಬಂದ ಕೂಡಲೇ ಅವಸರ ಎಂದುಕೊಳ್ಳುವಂತಿಲ್ಲ. ಮೆಲ್ಲನೆ, ಸುಮ್ಮನೆ, ತಣ್ಣನೆ, ತೆಳ್ಳನೆ ಎಲ್ಲಕ್ಕೂ ಅದೇ ಬಾಲ. ಬಿರುಸು ಇರುವುದು ಬೇರಿನಲ್ಲಿ, ಬಾಲದಲ್ಲಲ್ಲ. ಸೀಮೆಯಿಂದ ಸೀಮೆಗೂ ಅರ್ಥ ಸರಿಯುತ್ತದೆ. ಕರಾವಳಿಯಲ್ಲಿ ‘ಫಕ್ಕನೆ’, ‘ಪಕ್ಕನೆ’ ದಿನಬಳಕೆಯ ಮಾತು. ಬೇಗ ಎಂಬುದಕ್ಕೂ ಸಲ್ಲುತ್ತದೆ, ಎಣಿಸದೆ ಎಂಬುದಕ್ಕೂ ಸಲ್ಲುತ್ತದೆ. ಮೈಸೂರು ಕಡೆಯ ಓದುಗನಿಗೆ ‘ಪಕ್ಕನೆ’ ಎಂದರೆ ಮೊದಲು ನಗುವೇ ನೆನಪಾಗುತ್ತದೆ. ರಾಜ್ಯಕ್ಕೆಲ್ಲ ಹೋಗುವ ಪುಟದಲ್ಲಿ ಇಷ್ಟು ಗಮನದಲ್ಲಿರಲಿ, ಜಿಲ್ಲಾ ಪುಟದಲ್ಲಿ ಆ ಊರಿನ ಪದವೇ ಇರಲಿ.

ಈಗ ಮಾತಿನ ಬಿರುಸು. ‘ಥಟ್ಟನೆ ಉತ್ತರಿಸಿದರು’ ಎಂಬುದನ್ನು ಒರಟಾಗಿ ಉತ್ತರಿಸಿದರು ಎಂಬ ಅರ್ಥದಲ್ಲಿ ಬಳಸುವುದು ಹೆಚ್ಚುತ್ತಿದೆ. ಥಟ್ಟನೆಯಲ್ಲಿ ಒರಟುತನವಿಲ್ಲ, ಚುರುಕುತನವಿದೆ. ದೂರದರ್ಶನ ಚಂದನದ ರಸಪ್ರಶ್ನೆ ಕಾರ್ಯಕ್ರಮ ‘ಥಟ್ ಅಂತ ಹೇಳಿ’ ಎಂದು ಹೆಸರಿಟ್ಟುಕೊಂಡದ್ದು ಸ್ಪರ್ಧಿಗಳು ಸಿಡುಕಲಿ ಎಂದಲ್ಲ. ಎದುರುಪದ ‘ತಡವರಿಸಿ’. ‘ಪಟ್ಟನೆ’ ಮಾತ್ರ ಸ್ವಲ್ಪ ಅಂಚಿನಲ್ಲಿದೆ. ‘ಪಟ್ಟನೆ ಅಂದುಬಿಟ್ಟ’ ಎಂದರೆ ಯೋಚಿಸದೆ ನಾಲಿಗೆ ಹರಿಯಬಿಟ್ಟ ಎಂಬ ಧ್ವನಿ ಹೊರಡುತ್ತದೆ.

ನಯವಿಲ್ಲದ ಮಾತಿಗೆ ಕನ್ನಡ ಪದಕ್ಕಿಂತ ಹೆಚ್ಚಾಗಿ ನುಡಿಗಟ್ಟನ್ನು ನೆಚ್ಚಿಕೊಂಡಿದೆ, ಅವುಗಳಲ್ಲೂ ತರತಮ ಇದೆ. ‘ಕಡ್ಡಿ ತುಂಡು ಮಾಡಿದಂತೆ’ ಹೇಳುವುದರಲ್ಲಿ ಅವಮಾನವಿಲ್ಲ, ಮರುಮಾತಿಗೆ ಎಡೆಯಿಲ್ಲ ಅಷ್ಟೇ. ತುಂಡಾದ ಕಡ್ಡಿ ಮತ್ತೆ ಕೂಡದು. ‘ಖಡಾಖಂಡಿತ’ವೂ ಇದೇ ಬಳಗದ್ದು, ‘ಖಂಡಿತ’ ಎಂದರೆ ಕತ್ತರಿಸಿದ್ದು ಎಂದೇ ಅರ್ಥ. ‘ಅಬ್ರಪ್ಟ್’ನ ಲ್ಯಾಟಿನ್ ಬೇರಿನಲ್ಲೂ ಮುರಿದು ಬೇರೆಯಾಗುವ ಚಿತ್ರವೇ ಇದೆ ಎಂಬುದು ಕುತೂಹಲದ ಸಂಗತಿ. ಎರಡು ನುಡಿಗಳೂ ಒಂದೇ ಮುರಿತವನ್ನು ಕಂಡವು. ಆದರೆ ಕನ್ನಡ ಅದರಿಂದ ಹೊರಡಿಸಿದ್ದು ಖಚಿತತೆಯನ್ನು, ಇಂಗ್ಲಿಷ್ ಹೊರಡಿಸಿದ್ದು ಒರಟುತನವನ್ನು. ಹಾಗಾಗಿ ತರ್ಜುಮೆಗೆ ಮುನ್ನ ಮೂಲದಲ್ಲಿ ಹೇಳುತ್ತಿರುವುದು ದೃಢತೆಯೋ ಒರಟೋ ಎಂದು ನೋಡಬೇಕು. ‘ಮುಖ್ಯಮಂತ್ರಿ ಬೇಡಿಕೆಯನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು’ ಎಂಬಲ್ಲಿ ಮುಖ್ಯಮಂತ್ರಿಯ ನಡತೆಯ ಬಗ್ಗೆ ಏನೂ ಹೇಳಿದಂತಾಗಿಲ್ಲ.

‘ಮುಖಕ್ಕೆ ಹೊಡೆದ ಹಾಗೆ’, ‘ಮುಖ ಮುರಿದಂತೆ’ ಹೇಳುವುದರಲ್ಲಿ ಕೇಳಿದವನಿಗೆ ನೋವು ಇದೆ. ‘ಬಿರುಸಾಗಿ’ಯಲ್ಲಿ ಸಿಟ್ಟು ಇದೆ, ‘ಖಾರವಾಗಿ’ಯಲ್ಲಿ ಸಿಟ್ಟಿನ ಜೊತೆ ಚುಚ್ಚು. ‘ಮೊಟಕಾಗಿ’ ಎಂಬುದು ಉದ್ದ ಮಾತ್ರ ಹೇಳುತ್ತದೆ, ಮೊಟಕಾದ ಮಾತು ಪ್ರೀತಿಯದೂ ಇರಬಹುದು. ‘ಚುಟುಕಾಗಿ’ ಎಂದರಂತೂ ಮೆಚ್ಚುಗೆಯೇ. ‘ನಿಷ್ಠುರ’ದ್ದು ಬೇರೆ ದಾರಿ. ಸಂಸ್ಕೃತದಲ್ಲಿ ಅದು ಕಠೋರತೆ. ಕನ್ನಡದಲ್ಲಿ ನಿಷ್ಠುರವಾದಿಗೆ ಗೌರವವೂ ಉಂಟು, ನಿಷ್ಠುರ ಕಟ್ಟಿಕೊಂಡವನಿಗೆ ನಷ್ಟವೂ ಉಂಟು. ಅಂತ್ಯ ನಿಷ್ಠುರಕ್ಕಿಂತ ಆದಿ ನಿಷ್ಠುರ ಲೇಸು ಎಂಬ ಗಾದೆಯಲ್ಲಿ ಅದು ಒರಟು ಮಾತಲ್ಲ, ಮೊದಲೇ ಆಡಿಬಿಡಬೇಕಾದ ಅಪ್ರಿಯ ಸತ್ಯ. ‘ಅಬ್ರಪ್ಟ್’ ಸ್ವಭಾವದ ಮನುಷ್ಯನಿಗೆ ‘ಹಠಾತ್ ಸ್ವಭಾವ’ದ ಬದಲು ‘ಒರಟು ಮಾತಿನವರು’, ‘ಸಿಡುಕಿನ ಸ್ವಭಾವ’, ‘ಕಡ್ಡಿ ಮುರಿದಂತೆ ಮಾತಾಡುವವರು’ ಮೂರರಲ್ಲಿ ಒಂದು ಸಲ್ಲುತ್ತದೆ. ಯಾವುದು ಎಂಬುದನ್ನು ಆ ಮನುಷ್ಯನನ್ನು ನೋಡಿ ನಿರ್ಧರಿಸಬೇಕೇ ಹೊರತು ನಿಘಂಟನ್ನು ನೋಡಿ ಅಲ್ಲ.

ಕನ್ನಡದಲ್ಲಿ ಮಾತಿನ ಒರಟು ಕ್ರಿಯಾವಿಶೇಷಣದಲ್ಲಿ ಇರುವುದಕ್ಕಿಂತ, ಇರಬೇಕಾದದ್ದು ಇಲ್ಲದಿರುವುದರಲ್ಲಿ ಇರುತ್ತದೆ. ‘ಇಲ್ಲ’ ಎಂಬುದನ್ನೇ ನೋಡಿ. ‘ಇಲ್ಲ ಕಣ್ರೀ’, ‘ಇಲ್ಲಪ್ಪ’, ಕರಾವಳಿಯ ‘ಇಲ್ಲ ಮಾರಾಯ್ರೇ’, ಧಾರವಾಡದ ‘ಇಲ್ರೀ’. ಈ ಬಾಲಗಳೇ ನಿರಾಕರಣೆಯನ್ನು ಮೆತ್ತಗೆ ಮಾಡುವುದು. ಬರೀ ‘ಇಲ್ಲ’ ಎಂದು ನಿಲ್ಲಿಸಿದರೆ ಅದೇ ಮುಖ ತಿರುಗಿಸಿದಂತೆ. ಮಾತುಮಾತಿಗೂ ‘ರೀ’ ಸೇರಿಸುವ ಸೀಮೆಯಲ್ಲಿ ಹಿರಿಯರಿಗೆ ‘ರೀ’ ಇಲ್ಲದ ಉತ್ತರ ಕೊಟ್ಟರೆ ದನಿ ಏರಿಸದಿದ್ದರೂ ಒರಟೇ. ‘ಸ್ವಲ್ಪ ಈ ಕಡೆ ಬನ್ನಿ’ ಎಂಬಲ್ಲಿ ‘ಸ್ವಲ್ಪ’ ಅಳತೆಯ ಪದವಲ್ಲ, ವಿನಯದ ಪದ. ಅದನ್ನು ತೆಗೆದರೆ ಕೋರಿಕೆ ಆಜ್ಞೆಯಾಗುತ್ತದೆ. ಇಂಗ್ಲಿಷ್ ವರದಿಯಲ್ಲಿ ‘ಅಬ್ರಪ್ಟ್ ಆಗಿ ಹೇಳಿದರು’ ಎಂದಿದ್ದರೆ ಅದನ್ನು ಕನ್ನಡಿಸಲು ಬೇರೆ ಪದವೇ ಬೇಕಿಲ್ಲ. ‘“ಗೊತ್ತಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು’ ಎಂದರೆ ಮುಗಿಯಿತು. ‘ಎಂದಷ್ಟೇ’ಯಲ್ಲಿ ಎಲ್ಲವೂ ಇದೆ, ವರದಿಗಾರ ಅವರ ನಡತೆಗೆ ಅಂಕ ಹಾಕಿದಂತೆಯೂ ಆಗುವುದಿಲ್ಲ.

ಕ್ರಿಯಾಪದದ ಬೆನ್ನಿಗೆ ಬರುವ ‘ಬಿಡು’ವಿನ ಬಗ್ಗೆಯೂ ಹೇಳಬೇಕು. ಅಂದುಬಿಟ್ಟ, ಎದ್ದುಬಿಟ್ಟಳು, ಮುಚ್ಚಿಬಿಟ್ಟರು, ನಿಂತುಬಿಟ್ಟಿತು. ತಡೆಯಲು ಹೊತ್ತಿರಲಿಲ್ಲ, ಇನ್ನು ಹಿಂದಕ್ಕೆ ತರುವಂತಿಲ್ಲ ಎಂಬೆರಡನ್ನೂ ಈ ಪುಟ್ಟ ಕ್ರಿಯೆ ಹೊತ್ತು ತರುತ್ತದೆ. ‘ಹಠಾತ್ತನೆ ನಿಂತುಬಿಟ್ಟಿತು’ ಎಂಬಲ್ಲಿ ಒಂದೇ ಕೆಲಸಕ್ಕೆ ಇಬ್ಬರು ಆಳು. ‘ಯಂತ್ರ ನಡುವೆಯೇ ನಿಂತುಬಿಟ್ಟಿತು’ ಎಂದರೆ ‘ನಡುವೆಯೇ’ ಹೊಸದೊಂದು ಸಂಗತಿ ಹೇಳುತ್ತದೆ, ‘ಬಿಡು’ ತನ್ನ ಕೆಲಸ ಮಾಡುತ್ತದೆ. ಸುದ್ದಿಗೋಷ್ಠಿಗೂ ಇದೇ ಮದ್ದು: ‘ಹಠಾತ್ತನೆ ಕೊನೆಗೊಂಡಿತು’ ಬೇಡ, ‘ಅರ್ಧಕ್ಕೇ ಮೊಟಕಾಯಿತು’ ಅಥವಾ ‘ಪ್ರಶ್ನೆ ಮುಗಿಯುವ ಮುನ್ನವೇ ಎದ್ದು ಹೊರಟುಬಿಟ್ಟರು’.

ಕೊನೆಗೆ ಕಾಗುಣಿತ. ‘ದಿಢೀರ್’ನಲ್ಲಿ ಮಹಾಪ್ರಾಣ ಎರಡನೆಯ ಅಕ್ಷರಕ್ಕೆ, ‘ಧಿಡೀರ್’, ‘ದಿಡೀರ್’ ಎರಡೂ ತಪ್ಪು. ‘ತಟ್ಟನೆ’, ‘ಥಟ್ಟನೆ’ ಎರಡೂ ಬಳಕೆಯಲ್ಲಿವೆ, ಮಹಾಪ್ರಾಣ ಒತ್ತು ಹೆಚ್ಚಿಸುತ್ತದೆ. ಒಂದೇ ವರದಿಯಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು. ‘ಸಂಪತ್’ ಸಂಪತ್ತಾದಂತೆ ‘ಹಠಾತ್’ ‘ಹಠಾತ್ತು’ ಆಗುವುದಿಲ್ಲ, ಅದು ನಾಮಪದವಲ್ಲ. ‘ಹಠಾತ್ತನೆ’, ‘ಹಠಾತ್ತಾಗಿ’ ಎರಡರಲ್ಲೂ ತಕಾರಕ್ಕೆ ಒತ್ತು ಬೇಕು; ‘ಹಠಾತ್ನೆ’ ಎಂಬುದು ಬೆರಳಿನ ತಪ್ಪು. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡುವಾಗ ‘ದಿಢೀರ್’ ಮತ್ತು ‘ಭೇಟಿ’ಯ ನಡುವೆ ಜಾಗ ಬಿಡದೆ ಹೊಡೆದರೆ ರಕಾರ ಅರ್ಕಾವತ್ತಾಗಿ ‘ದಿಢೀರ್ಭೇಟಿ’ ಎಂದು ಮೂಡುತ್ತದೆ. ನಡುವೆ ಜಾಗ ಬಿಡಬೇಕು, ಇಲ್ಲವೇ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆ ಹಾಕಬೇಕು. ‘ಇದ್ದಕ್ಕಿದ್ದಂತೆ’ಯನ್ನು ಮಾತ್ರ ಎಲ್ಲಿಯೂ ಬಿಡಿಸಬಾರದು, ಅಂಕಣ ಸಣ್ಣದಾಗಿ ಸಾಲು ಒಡೆಯಲೇಬೇಕಾದರೆ ‘ಇದ್ದಕ್ಕಿ-’ ಎಂದು ಒಡೆಯಲಿ, ‘ಇದ್ದ-ಕ್ಕಿದ್ದಂತೆ’ ಎಂದು ಒತ್ತಕ್ಷರವನ್ನು ಸಾಲಿನ ತಲೆಗೆ ತರುವುದು ಬೇಡ.

ಇತಿ ತಮ್ಮ ವಿಶ್ವಾಸಿ,
ಕರಡು ತಿದ್ದುವ ಒಬ್ಬ ಓದುಗ